ಹೊಗೆಯಿಲ್ಲದ ಇದ್ದಿಲು

ಕಳೆದ ವಾರ ಸವಣೂರಿನ ನಮ್ಮ ಓಣಿಯಲ್ಲಿ ಯಾರದೋ ಮನೆಯಿಂದ ಕೆಂಡದ ಮೇಲೆ ಅಜವಾನ, ಅದೇ ಓಂಕಾಳು, ಸುಟ್ಟ ವಾಸನೆ ಬಂತು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಆ ವಾಸನೆ ಬಂತೆಂದರೆ ಆ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದೇ ಲೆಕ್ಕ. ಓಣಿಯ ಹೆಂಗಸರು ಯಾರಿಗೆ ಏನು ಹುಟ್ಟಿತು ಎಂದು ವಿಚಾರಿಸುವುದರಲ್ಲಿದ್ದರು. ನಾನು ಸೋಸುತ್ತಿದ್ದ ಮೆಂತ್ಯದ ಸೊಪ್ಪನ್ನು ಅಲ್ಲೇ ಬಿಟ್ಟು ಅಡುಗೆಮನೆಯ ಕಿಟಕಿ ತೆರೆದೆ, ಹಿತ್ತಲ ಬಾಗಿಲು ತೆರೆದೆ, ಬೀದಿ ಬಾಗಿಲನ್ನೂ ತೆರೆದು ನಡುಮನೆಯಲ್ಲಿ ನಿಂತುಕೊಂಡೆ. ಯಾರು ಬಂದರು ಎಂದು ಗಂಡ ಕೇಳಿದ. ಗಾಳಿ ಬರಲಿ ಎಂದೆ. ಅವನು ಎದ್ದು ಉಳಿದ ಕಿಟಕಿಗಳನ್ನೂ ತೆರೆದ.

ನನ್ನ ಮೊದಲ ಹೆರಿಗೆಯ ಮಳೆಗಾಲ ನೆನಪಾಗಿತ್ತು. ಹಾನಗಲ್ಲಿನ ತವರುಮನೆಯಲ್ಲಿ, ಹಿಂದಿನ ಕೋಣೆಯಲ್ಲಿ ಕಳೆದ ಮಳೆಗಾಲ. ಕಳೆದೆ ಅನ್ನುವುದಕ್ಕಿಂತ ಸಿಕ್ಕಿಹಾಕಿಕೊಂಡಿದ್ದೆ ಅನ್ನುವುದೇ ಸರಿ.

ನಮ್ಮಪ್ಪ ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಹಾನಗಲ್ಲಿನಿಂದ ಹಿರೇಕೆರೂರು, ಶಿಗ್ಗಾಂವಿ, ಬಂಕಾಪುರ ಎಂದು ಸರ್ವೀಸೆಲ್ಲ ನಿಂತೇ ಓಡಾಡಿದ. ನಿವೃತ್ತಿಯಾದ ಮೇಲೆ ಕೂರಲು ಬಾರದ ಮನುಷ್ಯನಿಗೆ ಒಂದು ಹೊಸ ಹುಚ್ಚು ಹಿಡಿಯಿತು. ಶಿಗ್ಗಾಂವಿಯಲ್ಲಿ ನಡೆದ ಯಾವುದೋ ಶಿಬಿರಕ್ಕೆ ಗೆಳೆಯನ ಜೊತೆ ಸುಮ್ಮನೆ ಹೋದವನು, ಮನೆಯನ್ನು ಪರಿಸರಕ್ಕೆ ಒಗ್ಗುವಂತೆ ಮಾಡುವುದು ಹೇಗೆ ಎಂಬ ಭಾಷಣ ಕೇಳಿ ಬೇರೆಯೇ ಆಗಿ ತಿರುಗಿಬಂದ. ಆಮೇಲೆ ಅವನ ಬಾಯಲ್ಲಿ ಒಂದೇ ಮಾತು, ಸೋರಿಕೆ. ಕರೆಂಟು ಸೋರುತ್ತದೆ, ನೀರು ಸೋರುತ್ತದೆ, ಬೇಸಿಗೆಯಲ್ಲಿ ತಂಪು ಸೋರುತ್ತದೆ, ಮಳೆಗಾಲದಲ್ಲಿ ಬಿಸಿ ಸೋರುತ್ತದೆ. ಟಿಕೀಟಿಲ್ಲದೆ ಇಳಿದುಹೋಗುವ ಪ್ರಯಾಣಿಕರನ್ನು ನೋಡಿದ ಹಾಗೆ ನಮ್ಮ ಹಂಚಿನ ಮಾಡಿನ ಸಂದುಗಳನ್ನು ನೋಡುತ್ತಿದ್ದ.

ಸುಳ್ಳು ಹೇಳಬಾರದು, ಮನೆ ಚೆನ್ನಾಗಿಯೇ ಆಗಿತ್ತು. ಹಂಚಿನ ಮೇಲಿನ ಮಳೆನೀರು ಪೈಪಿನಲ್ಲಿ ಇಳಿದು ಹಿತ್ತಲಿನ ತೊಟ್ಟಿಗೆ ಬರುತ್ತಿತ್ತು. ಬಲ್ಬುಗಳೆಲ್ಲ ಬದಲಾಗಿದ್ದವು. ಮಾಡಿನ ಮೇಲೆ ಸೋಲಾರ್ ನೀರಿನ ಹಂಡೆ ಕೂತಿತ್ತು. ಅದು ಬಂದ ದಿನವೇ ಅಪ್ಪ ಬಚ್ಚಲಿನ ಕಟ್ಟಿಗೆ ಒಲೆಯನ್ನು ಕೆಡವಿ, ಅವ್ವನ ತಾಮ್ರದ ಹಂಡೆಯನ್ನು ಅಟ್ಟಕ್ಕೆ ಏರಿಸಿಬಿಟ್ಟಿದ್ದ. ಅವ್ವ ಎಷ್ಟೋ ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಅಪ್ಪನಿಗೆ ಅದು ಗೊತ್ತಾದದ್ದೇ ತಡವಾಗಿ, ಯಾಕೆಂದರೆ ಅವನು ಹಿಂದಿನ ಕೋಣೆಯಲ್ಲಿ ಮುಳುಗಿದ್ದ.

ಆ ಕೋಣೆಯನ್ನು ಅವನು ನನಗಾಗಿಯೇ ಮಾಡಿದ. ನಾನು ಹೆರಿಗೆಗೆ ಬರುವವಳಿದ್ದೆ, ಅದಕ್ಕೇ ಇಡೀ ಮನೆಯಲ್ಲಿ ಮೊದಲು ಅದನ್ನೇ ಎತ್ತಿಕೊಂಡ. ನಮ್ಮ ಕಡೆ ಭತ್ತದ ಗಿರಣಿಗಳಿಗೆ ಬರವಿಲ್ಲ, ಹೊಟ್ಟು ಬೇಕಾದಷ್ಟು. ಹಂಚಿನ ಕೆಳಗೆ ಎರಡು ಪದರ ಹಲಗೆ ಹೊಡೆದು ನಡುವೆ ಹೊಟ್ಟು ತುಂಬಿ, ಸಂದುಸಂದಿಗೂ ಸಿಮೆಂಟು ಮೆತ್ತಿದ. ಕಿಟಕಿಗೆ ಎರಡು ಗಾಜು, ಅದೂ ತೆರೆಯಲು ಬಾರದ ಹಾಗೆ ಕೂರಿಸಿದ್ದು. ಬಾಗಿಲ ಚೌಕಟ್ಟಿಗೆ ಸುತ್ತಲೂ ರಬ್ಬರು. ದವಾಖಾನೆಯಿಂದ ಕೂಸನ್ನು ಎತ್ತಿಕೊಂಡು ಮಳೆಯಲ್ಲಿ ಆಟೋದಲ್ಲಿ ಬಂದಿಳಿದಾಗ, ರಿಜರ್ವ್ ಮಾಡಿಟ್ಟ ಸೀಟು ತೋರಿಸುವವನ ಹಾಗೆ ಬಾಗಿಲು ತೆರೆದು ನಿಂತಿದ್ದ.

"ಹೊರಗ ಎಷ್ಟರ ಥಂಡಿ ಇರಲಿ, ಒಳಗ ಬೆಚ್ಚಗಿರತೈತಿ. ಒಂದು ಚೂರು ಗಾಳಿ ಹೊಗಂಗಿಲ್ಲ, ನೋಡು."

"ಕಿಡಕಿ ತೆಗಿಯಾಕ ಬರಂಗಿಲ್ಲೇನಪ್ಪಾ?" ಎಂದೆ.

"ತೆಗಿಯೂ ಕಿಡಕಿ ಇಟ್ರ ನೀವು ತೆಗಿತೀರಿ. ಅದಕ್ಕ ಇಡಲಿಲ್ಲ."

ನಗು ಬಂತು. ಇನ್ನೇನು ಮಾಡಬೇಕು, ಅವನ ಮುಖ ಅಷ್ಟು ಬೆಳಗಿತ್ತು.

ಒಳಗೆ ಹೋದ ಮೇಲೆ ನನ್ನ ಮೇಲಿನ ಅಧಿಕಾರ ಅವ್ವನಿಗೆ ಹೋಯಿತು. ಬಾಣಂತಿಗೆ ಗಾಳಿ ತಾಗಬಾರದು, ಕಿವಿಗೆ ಅರಳೆ ಇಟ್ಟು ಮೇಲೆ ಬಟ್ಟೆ ಬಿಗಿದಿರಬೇಕು, ಓದಬಾರದು, ಮೊಬೈಲು ನೋಡಬಾರದು, ಹೊಸಲು ದಾಟಬಾರದು, ಮಲಗುವ ಹೊರಸಿನ ಕೆಳಗೆ ಹಗಲೂ ರಾತ್ರಿ ಕೆಂಡದ ಅಗ್ಗಿಷ್ಟಿಗೆ ಇರಬೇಕು. ಅವ್ವ ತನ್ನ ಬಾಣಂತನವನ್ನೆಲ್ಲ ಇದೇ ಕೋಣೆಯಲ್ಲಿ ಇದೇ ಹೊರಸಿನ ಮೇಲೆ ಮಾಡಿದವಳು. ಅಪ್ಪ ಬಾಗಿಲು ಹಾಕು ಅನ್ನುತ್ತಿದ್ದ, ಬಿಸಿ ಸೋರೀತು ಎಂದು. ಅವ್ವನೂ ಬಾಗಿಲು ಹಾಕು ಅನ್ನುತ್ತಿದ್ದಳು, ಥಂಡಿ ಹೊಕ್ಕೀತು ಎಂದು. ನನಗೆ ತಿಳಿದಂತೆ ಆ ಗಂಡ ಹೆಂಡತಿ ಅದುವರೆಗೆ ಯಾವ ವಿಷಯಕ್ಕೂ ಇಷ್ಟು ಚೆನ್ನಾಗಿ ಒಪ್ಪಿಕೊಂಡಿರಲಿಲ್ಲ.

ಜಗಳ ಬಂದದ್ದು ಬೆಂಕಿಯ ವಿಷಯಕ್ಕೆ. ಮೊದಲೆಲ್ಲ ಅಗ್ಗಿಷ್ಟಿಗೆಗೆ ಕೆಂಡ ಬರುತ್ತಿದ್ದುದು ಬಚ್ಚಲಿನ ಒಲೆಯಿಂದ, ಉರಿದು ಉರಿದು ಅರ್ಧ ಬೂದಿಯಾದ ಕೆಂಡ. ಆ ಒಲೆಯೇ ಈಗಿಲ್ಲ. ಹಿತ್ತಲಲ್ಲಿ ಕಟ್ಟಿಗೆ ಹೊತ್ತಿಸಿ ಅವ್ವ ಕೆಂಡ ತಂದರೆ ಹೊಗೆಯೂ ಹಿಂದೆಯೇ ಬಂತು. ಅಪ್ಪನ ಹೊಸ ಹಲಗೆಗೆ ಕಪ್ಪು ಹತ್ತಿತು.

"ಖೋಲಿ ಅನ್ನೂದು ಮಸಿ ಗವಿ ಆತು," ಎಂದು ಅಪ್ಪ ಹಾರಾಡಿದ. "ನಾ ಹೊಗಿ ಬಿಡಿಸಾಕ ಇಷ್ಟೆಲ್ಲಾ ಮಾಡೇನಿ, ಇಕಿ ನೋಡಿದ್ರ ಹೊಗಿ ಹೊತಗೊಂಡ ಬರ್ತಾಳ."

"ಹಂಗಾರ ನಿಮ್ಮ ಸೋಲಾರು ಹಚ್ಚರಿ ಹೊರಸಿನ ಬುಡಕ," ಎಂದಳು ಅವ್ವ. "ಬಿಸಲ ಇಲ್ಲದ ವಾರಾತು. ಬಾಣಂತಿಗೆ ಎರಿಯಾಕ ಅದರಾಗ ಉಗರಬೆಚ್ಚಗ ನೀರು ಬರಾಕತ್ತಾವ."

ಕೊನೆಗೆ ಓಣಿಯ ತುದಿಯ ಇಸ್ತ್ರಿ ಅಂಗಡಿಯ ಇದ್ದಿಲು ಇಬ್ಬರನ್ನೂ ರಾಜಿ ಮಾಡಿಸಿತು. ಅಂಗಳದಲ್ಲಿ ಹೊತ್ತಿಸಿ, ಕೆಂಪಗಾದ ಮೇಲೆ ಒಳಗೆ ತಂದರೆ ಒಂದು ಎಳೆ ಹೊಗೆಯಿಲ್ಲ. ಹಲಗೆ ಬೆಳ್ಳಗೆ ಉಳಿಯಿತು ಎಂದು ಅಪ್ಪನಿಗೆ ಖುಷಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ ಎಂದು ಅವ್ವನಿಗೆ ಖುಷಿ. ವಾಸನೆಗೆ ಎಂದು ಮೇಲೊಂದು ಚಿಟಿಕೆ ಅಜವಾನ. ಗಂಡ ಹೆಂಡತಿ ಅಗ್ಗಿಷ್ಟಿಗೆಯ ಆಚೆಗೊಬ್ಬರು ಈಚೆಗೊಬ್ಬರು ಕೂತು, ಕೂಸಿನ ಮೂಗು ಯಾರ ಕಡೆಯದು ಎಂದು ಮಾತಾಡಿದರು. ಮನೆಯಲ್ಲಿ ಶಾಂತಿ ನೆಲೆಸಿತಲ್ಲ ಎಂದು ನಾನೂ ನಿರಾಳವಾಗಿ ಉಸಿರುಬಿಟ್ಟೆ.

ತಲೆನೋವು ಶುರುವಾದದ್ದು ಅದಾದ ಮೇಲೆ. ಮೊದಲು ಹಣೆಯಲ್ಲಿ, ಆಮೇಲೆ ಇಡೀ ತಲೆ ಸಿಡಿಯತೊಡಗಿತು. ಬಾಣಂತಿ ಖಾರ ಬಾಯಿಗಿಟ್ಟರೆ ಹೊಟ್ಟೆ ತೊಳೆಸುತ್ತಿತ್ತು. ಹೊರಸಿನಿಂದ ಕಾಲಿಟ್ಟರೆ ನೆಲ ಜೋಲಿ ಹೊಡೆಯುತ್ತಿತ್ತು. ಹೀಗೀಗೆ ಎಂದು ಹೇಳಿದರೆ ಅವ್ವ ಕಿವಿಯ ಅರಳೆ ತೆಗೆದು ನೋಡಿ ಮತ್ತೆ ಬಿಗಿಯಾಗಿ ತುರುಕುತ್ತಿದ್ದಳು.

"ವಾಯು ಹೊಕ್ಕೈತಿ. ಅವತ್ತ ಬಾಗಲದಾಗ ನಿಂತಿದ್ದೆಲ್ಲ, ಅವಾಗ ಹೊಕ್ಕೈತಿ."

"ಅವ್ವಾ, ಬಚ್ಚಲಕ್ಕ ಹೋದ್ರ ತಲಿ ಹಗರ ಆಕ್ಕೈತಿ. ಒಳಗ ಬಂದ್ರ ಮತ್ತ ಸಿಡಿಯಾಕ ಹತ್ತತೈತಿ."

"ಎರಕೊಂಡ್ರ ಹಗರ ಆಗೂದ. ನೀರಿನ ಗುಣ ಅದು."

ದಿನಾ ಬೆಳಿಗ್ಗೆ ನನಗೂ ಕೂಸಿಗೂ ಎಣ್ಣೆ ಹಚ್ಚಿ ಎರೆಯಲು ಬರುತ್ತಿದ್ದವಳು ಹುಸೇನಬಿ. ಬಂಕಾಪುರದವಳು, ಹಾನಗಲ್ಲಿಗೆ ಮದುವೆಯಾಗಿ ಬಂದು ಅರ್ಧ ಊರಿನ ಕೂಸುಗಳ ಮೈ ತಿಕ್ಕಿದವಳು. ಅವಳು ನಕ್ಕು, "ನೀರಿಂದಲ್ಲ ಬೇ, ನನ್ನ ಕೈಗುಣ," ಎನ್ನುತ್ತಿದ್ದಳು. ವಾಯು ಎಂದ ಮೇಲೆ ಮದ್ದು ಒಂದೇ, ಇನ್ನಷ್ಟು ಬಿಸಿ. ತಲೆ ಸಿಡಿದಷ್ಟೂ ಅಗ್ಗಿಷ್ಟಿಗೆಗೆ ಇದ್ದಿಲು ಹೆಚ್ಚು ಬಿತ್ತು. ಇದ್ದಿಲು ಬಿದ್ದಷ್ಟೂ ತಲೆ ಸಿಡಿಯಿತು.

ಸವಣೂರಿಗೆ ಗಂಡನಿಗೆ ಕದ್ದು ಫೋನು ಮಾಡಿ, ಇಲ್ಲಿ ಉಸಿರು ಕಟ್ಟಿದ ಹಾಗಾಗುತ್ತದೆ, ಬಂದು ಕರೆದುಕೊಂಡು ಹೋಗು ಎಂದೆ. "ಈಗ ಹೆಂಗ ಕರಕೊಂಡ ಬರ್ಲಿ? ಮಂದಿ ನಕ್ಕಾರು. ದೊಡ್ಡವರಿಗೆ ಗೊತ್ತಿರತೈತಿ, ಒಂದೀಟು ತಡಕೋ," ಎಂದ. ಫೋನು ಮುಖಕ್ಕೆ ಎಸೆಯಬೇಕೆನ್ನಿಸಿತು. ಮುಖ ಸವಣೂರಿನಲ್ಲಿತ್ತು. ಹೊರಸಿನ ಮೇಲೆ ಮಲಗಿ ಆ ಬಿಳಿ ಹಲಗೆಯನ್ನು ನೋಡುತ್ತಿದ್ದೆ. ಚಿಕ್ಕವಳಿದ್ದಾಗ ಅಲ್ಲಿ ಹಂಚಿನ ಸಂದಿನಿಂದ ಬಿಸಿಲಿನ ಕೋಲುಗಳು ಇಳಿಯುತ್ತಿದ್ದವು. ಈಗ ಹಗಲೋ ಸಂಜೆಯೋ ತಿಳಿಯುತ್ತಿರಲಿಲ್ಲ, ಮಳೆ ಬಂದರೂ ಸದ್ದು ಕೇಳುತ್ತಿರಲಿಲ್ಲ. ಆ ಕೋಣೆಯಲ್ಲಿ ನನ್ನನ್ನು ಪ್ರೀತಿ ಮಾಡದವರು ಯಾರೂ ಇರಲಿಲ್ಲ, ಅದೇ ನನ್ನ ಕಷ್ಟವಾಗಿತ್ತು. ಯಾರ ಮೇಲೆ ಸಿಟ್ಟು ಮಾಡಲಿ?

ಇನ್ನು ಕೂಸಿನ ವಿಷಯ. ದವಾಖಾನೆಯಲ್ಲಿ ಇಡೀ ವಾರ್ಡು ಎಬ್ಬಿಸುವಂತೆ ಅಳುತ್ತಿದ್ದ ಹುಡುಗಿ ದಿನದಿನಕ್ಕೆ ಸುಮ್ಮನಾಗುತ್ತ ಬಂದಳು. ಕುಡಿಯುವುದು, ಮಲಗುವುದು. ಆಮೇಲಾಮೇಲೆ ಕುಡಿಯುವುದೂ ಅರ್ಧಕ್ಕೇ. ಗಲ್ಲ ಮಾತ್ರ ಕೆಂಪಗೆ. ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. "ಎಷ್ಟ ಶಾಣ್ಯಾ ಕೂಸೈತಿ, ದನಿನ ಇಲ್ಲ," ಎಂದಳು ಹುಸೇನಬಿ. ಆಡೂರಿನಿಂದ ಬಂದ ಸೋದರತ್ತೆ ಅವ್ವನಿಗೆ, "ಪುಣ್ಯಾ ಮಾಡೀಯವಾ, ನಮ್ಮಾಕೀ ಕೂಸು ರಾತ್ರೆಲ್ಲಾ ಒದರತೈತಿ," ಎಂದಳು. ಅಪ್ಪನಂತೂ, "ಖೋಲಿ ಆರಾಮ ಐತಿ, ಅದಕ್ಕ ನಿದ್ದಿ ಮಾಡ್ತೈತಿ," ಎಂದು ಬಂದವರಿಗೆಲ್ಲ ಹೇಳಿದ. ನನ್ನ ಮಗಳ ಮೌನ ನಮ್ಮ ಮನೆಯ ಕೀರ್ತಿಯಾಯಿತು.

ಆ ಕೀರ್ತಿ ಹಿರೇಕೆರೂರಿನವರೆಗೂ ಹೋಯಿತೆಂದು ಕಾಣುತ್ತದೆ. ಒಂದು ಮಧ್ಯಾಹ್ನ ಅಲ್ಲಿಂದ ಮಹಿಳಾ ಸಂಘದ ಹೆಂಗಸರು ಬಸ್ಸಿನಲ್ಲಿ ಬಂದಿಳಿದರು, ಅಪ್ಪನ ಮಾದರಿ ಮನೆ ನೋಡಲು. ಎಷ್ಟೋ ಜನ ಹೊರಗಿನವರು, ಕೂಸಿಗೆ ದೃಷ್ಟಿಯಾಗಬಾರದು. ಅವ್ವ ಅಗ್ಗಿಷ್ಟಿಗೆ ತುಂಬಿ, ಬಾಗಿಲು ಎಳೆದುಕೊಂಡು ಹೊರಗಿನಿಂದ ಚಿಲಕ ಹಾಕಿದಳು. "ಅವರು ಹೋದಮ್ಯಾಲ ತೆಗಿತೇನಿ, ಸುಮ್ನ ಮಕ್ಕೋ," ಎಂದಳು.

ಎಷ್ಟು ಹೊತ್ತು ಮಲಗಿದ್ದೆನೋ. ಎದೆ ಹಾಲು ತುಂಬಿ ನೋಯುತ್ತಿತ್ತು, ಅದರಿಂದ ಎಚ್ಚರವಾಯಿತು. ಕೂಸಿಗೆ ಕುಡಿಸುವ ಹೊತ್ತು ದಾಟಿಹೋಗಿದೆ, ಅವಳು ಎದ್ದೇ ಇಲ್ಲ. ಎತ್ತಿ ಎದೆಗೆ ಹಚ್ಚಿದೆ. ಬಾಯಿ ತೆರೆಯಲಿಲ್ಲ. ಅಂಗಾಲಿಗೆ ಬೆರಳಿನಿಂದ ಚಿಮ್ಮಿದೆ, ಎಂಥ ಗಾಢ ನಿದ್ದೆಯ ಕೂಸೂ ಅದಕ್ಕೆ ಕಾಲು ಎಳೆದುಕೊಳ್ಳುತ್ತದೆ. ಇವಳ ಕಾಲು ನನ್ನ ಕೈಯಲ್ಲಿ ಹಾಗೇ ಜೋತುಬಿದ್ದಿತ್ತು. ಮತ್ತೆ ಚಿಮ್ಮಿದೆ, ಚಿವುಟಿದೆ. ಅವಳು ಅಲುಗಲಿಲ್ಲ.

ಎದ್ದು ನಿಂತವಳು ಮಂಡಿ ಮಡಚಿ ಕೆಳಗೆ ಬಿದ್ದೆ. ಕೂಸನ್ನು ಅವಚಿಕೊಂಡು ತೆವಳುತ್ತಲೇ ಬಾಗಿಲಿಗೆ ಹೋಗಿ ಬಡಿದೆ. ಅವ್ವಾ ಎಂದು ಕೂಗಿದೆ. ನನ್ನ ದನಿ ನನಗೇ ಎಲ್ಲಿಂದಲೋ ಕೇಳಿದ ಹಾಗಿತ್ತು. ಆಚೆ ಪಡಸಾಲೆಯಲ್ಲಿ ಅಪ್ಪ ಅದೇ ಹೊತ್ತಿಗೆ ಹಿರೇಕೆರೂರಿನವರಿಗೆ ಏನು ಹೇಳುತ್ತಿದ್ದ ಎಂದು ಆಮೇಲೆ ನನಗೆ ಗೊತ್ತಾಯಿತು. ಈ ಖೋಲಿ ಹೆಂಗ ಮಾಡೇನಿ ಅಂದ್ರ, ಹೊರಗಿನ ಸಪ್ಪಳ ಒಳಗ ಬರಂಗಿಲ್ಲ, ಒಳಗಿಂದು ಹೊರಗ ಬರಂಗಿಲ್ಲ, ಎನ್ನುತ್ತಿದ್ದನಂತೆ. ಹೆಂಗಸರು ಗೋಡೆ ಮುಟ್ಟಿ ತಲೆಯಾಡಿಸುತ್ತಿದ್ದರಂತೆ.

ಬಾಣಂತಿಯ ತಲೆದಿಂಬಿನ ಕೆಳಗೆ ಕುಡುಗೋಲು ಇಡುವುದು ನಮ್ಮಲ್ಲಿ ಪದ್ಧತಿ, ದೆವ್ವ ಗಾಳಿ ಸೋಕಬಾರದು ಎಂದು. ಅದರ ನೆನಪು ಹೇಗೆ ಬಂತೋ ಕಾಣೆ. ಹೊರಸಿನ ಕಾಲು ಹಿಡಿದು ಎದ್ದು, ಕುಡುಗೋಲು ಎಳೆದುಕೊಂಡು, ಅದರ ಹಿಡಿಯಿಂದ ಕಿಟಕಿಗೆ ಹೊಡೆದೆ. ಒಂದು ಗಾಜು ಒಡೆಯಿತು. ಹಿಂದೆ ಇನ್ನೊಂದಿತ್ತು. ಆ ಎರಡನೇ ಗಾಜನ್ನು ಬೈದಷ್ಟು ನಾನು ಜನ್ಮದಲ್ಲಿ ಯಾರನ್ನೂ ಬೈದಿಲ್ಲ, ನಮ್ಮಪ್ಪನ ಹೆಸರೂ ಅದರಲ್ಲಿ ಬಂತು. ಅದೂ ಒಡೆಯಿತು. ಕೈ ಹರಿದು ರಕ್ತ ಇಳಿಯುತ್ತಿತ್ತು. ಕೂಸಿನ ಮುಖವನ್ನು ಆ ತೂತಿಗೆ ಹಿಡಿದೆ. ಮಳೆ ಜೋರಾಗಿ ಹೊಡೆಯುತ್ತಿತ್ತು, ಥಂಡಿ ಗಾಳಿ, ಬಾಣಂತಿಗೆ ಕೂಸಿಗೆ ಯಾವುದು ಬೇಡ ಎಂದಿದ್ದರೋ ಅದೆಲ್ಲ ನಮ್ಮಿಬ್ಬರ ಮುಖಕ್ಕೂ ಬಡಿಯಿತು.

ಮಳೆನೀರಿನ ತೊಟ್ಟಿ ನೋಡಲು ಕೊಡೆ ಹಿಡಿದು ಹಿತ್ತಲಿಗೆ ಬಂದಿದ್ದ ಹಿರೇಕೆರೂರಿನ ಹೆಂಗಸೊಬ್ಬಳು ನಮ್ಮನ್ನು ನೋಡಿದಳು. ಕೂದಲು ಕೆದರಿದ, ಕಿವಿಗೆ ಬಟ್ಟೆ ಕಟ್ಟಿದ, ಕೈಯಲ್ಲಿ ರಕ್ತ ಸುರಿಯುತ್ತಿರುವ ಹೆಂಗಸು ಒಡೆದ ಕಿಟಕಿಯಿಂದ ಕೂಸನ್ನು ಹೊರಗೆ ಚಾಚಿದ್ದಳು. ಕಂಡವಳು ಕೊಡೆ ಬಿಟ್ಟು ಚೀರಿದಳು. ಬಾಗಿಲು ತೆರೆಯುವ ಹೊತ್ತಿಗೆ ಕೂಸು ಒಮ್ಮೆ ಬಿಕ್ಕಿ, ಬೆಕ್ಕಿನ ಮರಿಯಷ್ಟು ದನಿ ಮಾಡಿತ್ತು. ಅಷ್ಟೇ. ಮತ್ತೆ ಕಣ್ಣು ಮುಚ್ಚಿತು.

ದವಾಖಾನೆಯಲ್ಲಿ ನನಗೂ ಕೂಸಿಗೂ ಆಮ್ಲಜನಕ ಹಚ್ಚಿದರು. ಏನು ಉರಿಸಿದ್ದಿರಿ ಎಂದು ಡಾಕ್ಟರು ಕೇಳಿದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು, "ಹೊಗಿನ ಇರಲಿಲ್ಲರಿ ಸಾಹೇಬ್ರ. ಒಂದೀಟೂ ಹೊಗಿ ಇರಲಿಲ್ಲ," ಎಂದಳು.

"ಹೊಗಿ ಇದ್ದಿದ್ರ ಕೆಮ್ಮಿ ಎದ್ದು ಹೊರಗ ಬರ್ತಿದ್ರಿ," ಎಂದರು ಅವರು. "ಇದ್ದಲಿ ಉರದ್ರ ಬರೂ ವಿಷಗಾಳಿಗೆ ಬಣ್ಣ ಇಲ್ಲ, ವಾಸನಿ ಇಲ್ಲ. ಅದು ಹೊರಗ ಹೋಗಾಕ ಒಂದು ಕಿಂಡಿನೂ ಇರಲಿಲ್ಲೇನು?"

ಜೀವಕ್ಕಿದ್ದ ಅಪಾಯ ದಾಟಿದೆ, ಆದರೆ ಕೂಸಿನ ಮೆದುಳಿಗೆ ಪೆಟ್ಟಾಗಿದೆಯೋ ಇಲ್ಲವೋ ಈಗಲೇ ಹೇಳಲಾಗದು, ಕೂಸು ಜೋರಾಗಿ ಹೀರಬೇಕು, ಜೋರಾಗಿ ಅಳಬೇಕು, ನೋಡೋಣ ಎಂದು ಡಾಕ್ಟರು ಹೇಳಿ ಹೋದರು. ಹೊರಗೆ ಬೆಂಚಿನ ಮೇಲೆ ಗಂಡ ಹೆಂಡತಿಯ ಜಗಳ ಶುರುವಾಯಿತು. ನಿನ್ನ ಇದ್ದಲಿ ಎಂದು ಅಪ್ಪ, ನಿಮ್ಮ ಹೊಟ್ಟು ಎಂದು ಅವ್ವ. ಇಬ್ಬರ ಮಾತೂ ನಿಜವಾಗಿತ್ತು. ಬಸ್ಸು ಹಿಡಿದು ಓಡಿಬಂದ ನನ್ನ ಗಂಡ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಮನೆಗೆ ಬಂದಾಗ ಒಡೆದ ಕಿಟಕಿಗೆ ಅಪ್ಪ ಪ್ಲಾಸ್ಟಿಕ್ ಹೊಡೆದಿದ್ದ. ಅವ್ವ ಬಾಗಿಲಿಗೆ ಹೊಸ ಬೇವಿನ ಸೊಪ್ಪು ಸಿಕ್ಕಿಸಿದ್ದಳು. ಇಬ್ಬರೂ ಆ ಕೋಣೆಯ ಮುಂದೆ ನಿಂತು ಬಾ ಎಂದರು. ಕೆಂಡ ಇಲ್ಲ, ಬರೀ ಕಂಬಳಿ ಎಂದರು. ನಾನು ಪಡಸಾಲೆಯಲ್ಲೇ ಗೋಡೆಗೊರಗಿ ಕೂತೆ.

"ಆ ಖೋಲಿಗೆ ನಾ ಬರಂಗಿಲ್ಲ."

"ಹಸೀ ಬಾಣಂತಿ ಪಡಸಾಲ್ಯಾಗ ಕುಂತ್ರ ಊರ ಮಂದಿ ಏನಂದಾರು?" ಎಂದಳು ಅವ್ವ.

"ಅನ್ನೂದ ಇದ್ರ ಇಲ್ಲೇ ಬಂದು ಅನ್ಲಿ. ನಾನೂ ನೋಡ್ತೇನಿ."

ನನ್ನ ದನಿ ಹಾಗೆ ಬಂದದ್ದು ನನಗೇ ಹೊಸದು. ಅವ್ವ ಒಳಗಿನಿಂದ ಹೊರಸು ಎಳೆದುತಂದು ಪಡಸಾಲೆಯಲ್ಲಿ ಹಾಕಿ, ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿದಳು. ಅಪ್ಪ ಏಣಿ ತಂದ. ಹಲಗೆಯ ಮೊಳೆ ಕೀಳುವ ಸದ್ದು ಶುರುವಾಯಿತು, ಹಿಂದೆಯೇ ಹೊಟ್ಟು ಸುರಿಯುವ ಸದ್ದು. ಮುಂದೆ ಬೇಸಿಗೆಯಲ್ಲಿ ಅವನು ಮತ್ತೆ ಹೊಟ್ಟು ತುಂಬಿದ, ಆ ಸಲ ಮಾಡಿನ ನೆತ್ತಿಯಲ್ಲಿ ಗಾಳಿಕಿಂಡಿ ಬಿಟ್ಟು, ತೆರೆಯುವ ಕಿಟಕಿ ಇಟ್ಟು. ಆ ಕೋಣೆ ಈಗ ನಿಜಕ್ಕೂ ತಂಪಾಗಿದೆ, ಹಾನಗಲ್ಲಿನಲ್ಲಿ ಅಂಥದ್ದು ಇನ್ನೊಂದಿಲ್ಲ ಎಂದು ನಾನೇ ಹೇಳುತ್ತೇನೆ. ಆದರೆ ಅವತ್ತು ಅವನು ಮೈತುಂಬ ಹೊಟ್ಟು ಹೊತ್ತು ಇಳಿದುಬಂದಾಗ ಯಾರ ಮುಖವನ್ನೂ ನೋಡಲಿಲ್ಲ.

ಆಮೇಲೆ ಕಾಯುವುದು. ಕೋಣೆ ಬಿಟ್ಟು ಹೊರಗೆ ಬಂದಿದ್ದೆ, ಬಾಗಿಲು ತೆರೆದೇ ಇತ್ತು, ಎದುರಿಗೇ ಮಳೆ. ಆದರೂ ಎದೆಯ ಮೇಲೆ ಕಲ್ಲು ಹೇರಿದಂತೆಯೇ ಇತ್ತು. ಕೂಸು ಕುಡಿಯುತ್ತಿತ್ತು, ಮೆಲ್ಲಗೆ. ಕಣ್ಣು ತೆರೆಯುತ್ತಿತ್ತು, ಮುಲುಗುತ್ತಿತ್ತು. ಅಳು ಮಾತ್ರ ಇಲ್ಲ. ನಿದ್ದೆ ಹೋದರೆ ಸಾಕು, ನಾನು ಎಬ್ಬಿಸುತ್ತಿದ್ದೆ. ನಾನು ತೂಕಡಿಸಿದರೆ ಅವ್ವ ಎಬ್ಬಿಸುತ್ತಿದ್ದಳು. ಅವ್ವ ಅಡುಗೆಗೆ ಎದ್ದರೆ ಅಪ್ಪ ಬಂದು ಸೀರೆಯಾಚೆ ನಿಂತು, "ದನಿ ತಗದಳೇನ?" ಎಂದು ಕೇಳಿ ಹೋಗುತ್ತಿದ್ದ. ಇಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಓಣಿಯವರು ಬಂದು ಹಳೆಯ ಮಾತನ್ನೇ ಆಡಿದರು, ಶಾಣ್ಯಾ ಕೂಸು ಎಂದು. ಒಬ್ಬಳಿಗೆ ಅವ್ವ, ಓಣಿಯವರಿಗೆ ಎಂದೂ ಎದುರಾಡದ ನಮ್ಮವ್ವ, ಆ ಮಾತು ನನ್ನ ಮನೆಯಲ್ಲಿ ಆಡಬೇಡ ಎಂದು ಹೇಳಿ ಚಹಾ ಕೊಡದೆ ಕಳಿಸಿದಳು.

ಒಂದು ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಹುಸೇನಬಿ ಪಡಸಾಲೆಯ ತುದಿಯಲ್ಲಿ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕಿದಳು. ನಗು ಚೇಷ್ಟೆ ಎಲ್ಲ ಬಿಟ್ಟಿದ್ದಳು ಅವಳೂ. ತಂಬಿಗೆಯಿಂದ ಬೆನ್ನಿಗೆ ನೀರು ಹಾಕಿದಳು. ಮೈ ತಿರುವಿ ಎದೆಗೆ ಹಾಕಿದಳು. ಕೂಸು ಮುಖ ಕಿವುಚಿತು, ಬಾಯಿ ಅಗಲ ತೆರೆಯಿತು, ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಚೀರಿತು ನೋಡಿ. ಮುಷ್ಟಿ ಕಟ್ಟಿ, ಕಾಲು ಝಾಡಿಸಿ, ಮೈಯೆಲ್ಲ ಕೆಂಪಗೆ ಮಾಡಿಕೊಂಡು, ಉಸಿರು ಎಳೆದುಕೊಳ್ಳಲಷ್ಟೇ ನಿಲ್ಲಿಸಿ ಮತ್ತೆ ಚೀರಿತು. ಅಪ್ಪ ಒಳಗಿನಿಂದ ಓಡಿಬಂದು ಬಾಗಿಲಲ್ಲಿ ನಿಂತ.

ಹುಸೇನಬಿ ರೂಢಿಯಂತೆ ಕೂಸನ್ನು ಎದೆಗೆತ್ತಿಕೊಂಡು ಶೂ ಶೂ ಎಂದು ತಟ್ಟಲು ಹೋದಳು. ಅವ್ವ ಅವಳ ಕೈ ಹಿಡಿದಳು.

"ಸುಮ್ಮನ ಮಾಡಬ್ಯಾಡ," ಎಂದಳು. "ಅಳ್ಲಿ. ಇನ್ನೊಂದು ತಂಬಗಿ ಹಾಕು."